ವೈದ್ಯಕೀಯ ಕಲಿಸುವ ಕಟ್ಟಡಕ್ಕೂ ಆರೋಗ್ಯ ಬೇಕು

ಕಳೆದ ಮಳೆಗಾಲದ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿಸಿ ನಾಲ್ವರು ಹಿರಿಯರು ಬಾಳೆಹೊನ್ನೂರಿನ ನನ್ನ ಕ್ಲಿನಿಕ್ಕಿಗೆ ಬಂದರು. ಕೊಡೆ ಮಡಚಿ ಮೂಲೆಗಿಟ್ಟು ಕುಳಿತರು. ಯಾರಿಗೂ ಕಾಯಿಲೆ ಇರಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಸುರುಳಿ ಸುತ್ತಿದ ನಕ್ಷೆಯೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಹರಡಿದರು.

"ಡಾಕ್ಟರಮ್ಮ, ನಮ್ಮ ಮಕ್ಕಳು ನರ್ಸಿಂಗು, ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಅಂತ ಮಂಗಳೂರಿಗೆ, ಶಿವಮೊಗ್ಗಕ್ಕೆ ಹೋಗ್ತಾರೆ. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸೋಕೆ ಎಷ್ಟೋ ಮನೆಯವರು ಒಪ್ಪೋದಿಲ್ಲ. ಒಬ್ಬರು ಜಾಗ ಕೊಡ್ತೀನಿ ಅಂದಿದ್ದಾರೆ. ಗಲ್ಫಿನಲ್ಲಿರೋ ಹುಡುಗರೂ ಕೈ ಜೋಡಿಸ್ತಾರೆ. ನೀವು ಓದಿದವರು, ಈ ನಕ್ಷೆ ಒಮ್ಮೆ ನೋಡಿ," ಎಂದರು ಹಿರಿಯ ಹಾಜಿಯವರು.

ನೋಡಿದೆ. ಮುಂಭಾಗ ಅಂದವಾಗಿತ್ತು. ಎರಡು ಗುಮ್ಮಟ, ಎತ್ತರದ ಕಮಾನು, ರಸ್ತೆಗೆ ಕಾಣುವಂತೆ ಮೂರು ಅಂತಸ್ತಿನ ನೀಲಿ ಗಾಜು. ಒಳಗೆ ಉದ್ದನೆಯ ಕಾರಿಡಾರ್, ಅದರ ಎರಡೂ ಬದಿಗೆ ಕೊಠಡಿಗಳು. ನಾನು ಬೆರಳಿಟ್ಟು ಹುಡುಕಿದ್ದು ಮೂರೇ ವಿಷಯ: ಹೆಣ್ಣುಮಕ್ಕಳ ಶೌಚಾಲಯ, ಕೈ ತೊಳೆಯುವ ಜಾಗ, ಗಾಳಿ ಹೊರಹೋಗುವ ದಾರಿ. ಮೊದಲನೆಯದಕ್ಕೆ ನೆಲಮಹಡಿಯ ಹಿಂಬದಿ ಮೂಲೆಯಲ್ಲಿ ಎರಡು ಕೋಣೆಗಳಿದ್ದವು. ಉಳಿದೆರಡು ಇರಲೇ ಇಲ್ಲ.

"ಹಾಜಿಯವರೇ, ಇನ್ನೂರು ಹುಡುಗಿಯರು ಬಂದರೆ ಅವರೆಲ್ಲ ಎಲ್ಲಿಗೆ ಹೋಗಬೇಕು?" ಎಂದು ಕೇಳಿದೆ. ಅವರು ನಕ್ಷೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನೋಡಿದರು. "ಅದನ್ನು ನಾವ್ಯಾರೂ ಯೋಚಿಸಿರಲಿಲ್ಲ," ಎಂದರು.

ಅವರ ನಿಯ್ಯತ್ತಿನಲ್ಲಿ ಕೊರತೆ ಇರಲಿಲ್ಲ. ಆದರೆ ಒಮ್ಮೆ ಎದ್ದು ನಿಂತ ಕಟ್ಟಡವನ್ನು ತಿದ್ದುವುದು ಕಷ್ಟ. ಸಮುದಾಯದ ದುಡ್ಡು, ದಾನವಾಗಿ ಬಂದ ಭೂಮಿ ಎರಡೂ ಅಮಾನತ್. ಆರೋಗ್ಯ ಕಲಿಸುವ ಕಟ್ಟಡವೇ ಕಾಯಿಲೆಯ ಮನೆಯಾದರೆ ಆ ಅಮಾನತಿಗೆ ನಾವು ಉತ್ತರ ಹೇಳಬೇಕಾಗುತ್ತದೆ. ಅಂದು ಅವರಿಗೆ ಹೇಳಿದ್ದನ್ನೂ ಹೇಳಲು ಸಮಯ ಸಾಲದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಟ್ಟಡ ಕಟ್ಟುವವರಿಗೆ ಮಾತ್ರವಲ್ಲ, ಮಗಳನ್ನೋ ಮಗನನ್ನೋ ಇಂಥ ಕಾಲೇಜಿಗೆ ಸೇರಿಸಲು ಹೊರಟಿರುವ ಪ್ರತಿಯೊಂದು ಮನೆಗೂ ಇದು ಬೇಕಾದ ವಿಷಯ.

ಮೊದಲು ರೋಗಿ, ಆಮೇಲೆ ತರಗತಿ

ನಮ್ಮ ಚರಿತ್ರೆಯಲ್ಲಿ ಆಸ್ಪತ್ರೆಗೆ ಬೀಮಾರಿಸ್ತಾನ್ ಎನ್ನುತ್ತಿದ್ದರು. ಹೆಚ್ಚಿನವು ವಕ್ಫ್ ಆದಾಯದಿಂದ ನಡೆಯುತ್ತಿದ್ದವು. ಸುಲ್ತಾನ್ ನೂರುದ್ದೀನ್ ಝಂಗಿ 1154ರಲ್ಲಿ ದಮಾಸ್ಕಸ್‌ನಲ್ಲಿ ಕಟ್ಟಿಸಿದ ಬೀಮಾರಿಸ್ತಾನ್ ಇಂದಿಗೂ ನಿಂತಿದೆ. ನಡುವೆ ತೆರೆದ ಅಂಗಳ, ಅದರಲ್ಲಿ ನೀರಿನ ಕೊಳ, ನಾಲ್ಕೂ ಕಡೆ ಎತ್ತರದ ತೆರೆದ ಮೊಗಸಾಲೆಗಳು. ನಮ್ಮ ಮಲೆನಾಡಿನ ತೊಟ್ಟಿಮನೆಯನ್ನು ದೊಡ್ಡದಾಗಿ ಕಲ್ಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ. ಅಲ್ಲಿನ ಮುಖ್ಯ ವೈದ್ಯರು ಮೊದಲು ರೋಗಿಗಳನ್ನು ನೋಡಿಕೊಂಡು ಬಂದು, ಆಮೇಲೆ ದೊಡ್ಡ ಮೊಗಸಾಲೆಯಲ್ಲಿ ಕುಳಿತು ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಪಾಠಕ್ಕೂ ರೋಗಿಗೂ ನಡುವೆ ಇದ್ದದ್ದು ಒಂದು ಅಂಗಳ ಮಾತ್ರ.

ಇಂದಿನ ತುರ್ಕಿಯ ಕೈಸೇರಿಯಲ್ಲಿ 1206ರ ಕಟ್ಟಡವೊಂದಿದೆ. ಸೆಲ್ಜುಕ್ ರಾಜಕುಮಾರಿ ಗವ್ಹರ್ ನಸೀಬಾ ಸಾಯುವ ಮುನ್ನ ತನ್ನ ಅಣ್ಣನಲ್ಲಿ ಇಟ್ಟ ಕೋರಿಕೆಯಂತೆ ಅದು ಎದ್ದಿತು ಎಂಬುದು ಅಲ್ಲಿನ ಜನರ ನಂಬಿಕೆ. ಒಂದು ಬದಿಗೆ ಆಸ್ಪತ್ರೆ, ಇನ್ನೊಂದು ಬದಿಗೆ ವೈದ್ಯಕೀಯ ಮದ್ರಸ, ಎರಡನ್ನೂ ಸೇರಿಸುವ ಓಣಿ. ಅದೇ ದೇಶದ ಎದಿರ್ನೆಯಲ್ಲಿ ಸುಲ್ತಾನ್ ಎರಡನೇ ಬಾಯಝೀದ್ 1488ರಲ್ಲಿ ಪೂರ್ಣಗೊಳಿಸಿದ ಸಂಕೀರ್ಣ ಹೊಳೆಯ ದಡದಲ್ಲಿದೆ. ಗುಮ್ಮಟದ ಕೆಳಗೆ ಕಾರಂಜಿ, ಸುತ್ತಲೂ ರೋಗಿಗಳ ಕೊಠಡಿಗಳು. ನಡುವೆ ನಿಂತವರಿಗೆ ಸುತ್ತಲಿನ ಕೊಠಡಿಗಳು ಕಾಣುತ್ತವೆ. ಅಲ್ಲಿಯೂ ಆಸ್ಪತ್ರೆಯ ಪಕ್ಕದಲ್ಲೇ ವೈದ್ಯಕೀಯ ಮದ್ರಸ ಇತ್ತು. ಇಂದು ಅದು ಆರೋಗ್ಯ ವಸ್ತುಸಂಗ್ರಹಾಲಯ. ಈ ಕಟ್ಟಡಗಳಲ್ಲಿ ಗುಮ್ಮಟ ಅಲಂಕಾರಕ್ಕಷ್ಟೇ ಇರಲಿಲ್ಲ. ಬೆಳಕಿಗೆ, ಗಾಳಿಗೆ ಎತ್ತರ ಕೊಡುವ ಕೆಲಸವನ್ನೂ ಮಾಡುತ್ತಿತ್ತು.

ನಮ್ಮ ದೇಶಕ್ಕೆ ಬಂದರೆ, ಹೈದರಾಬಾದಿನಲ್ಲಿ ಮುಹಮ್ಮದ್ ಕುಲೀ ಕುತುಬ್ ಶಾಹ್ 1595ರಲ್ಲಿ ಕಟ್ಟಿಸಿದ ದಾರುಶ್ಶಿಫಾದಲ್ಲಿ ಚಿಕಿತ್ಸೆಯ ಜೊತೆ ಯುನಾನಿ ಪಾಠವೂ ನಡೆಯುತ್ತಿತ್ತು. ದೆಹಲಿಯಲ್ಲಿ ಹಕೀಮ್ ಅಜ್ಮಲ್ ಖಾನ್ ಅವರು 1909ರಲ್ಲೇ ಹೆಣ್ಣುಮಕ್ಕಳಿಗಾಗಿ ತಿಬ್ಬಿ ಶಾಲೆ ತೆರೆದರು. ಅವರ ತಿಬ್ಬಿಯಾ ಕಾಲೇಜಿಗೆ 1916ರಲ್ಲಿ ಅಡಿಗಲ್ಲು ಬಿತ್ತು. 1921ರ ಫೆಬ್ರವರಿ 13ರಂದು ಮಹಾತ್ಮ ಗಾಂಧಿ ಅದನ್ನು ಉದ್ಘಾಟಿಸಿದರು.

ನಮ್ಮ ರಾಜ್ಯದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಬೆಂಗಳೂರಿನ ಮಾಗಡಿ ರಸ್ತೆ, ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸೇರಿ ಕಟ್ಟಿದ ಸಂಸ್ಥೆ ಇದು. 1984ರಲ್ಲಿ ನೋಂದಣಿಯಾಯಿತು, ಸ್ನಾತಕೋತ್ತರ ಪಾಠ ಶುರುವಾದದ್ದು 2004ರಲ್ಲಿ. ನಡುವೆ 20 ವರ್ಷ. ಆರೋಗ್ಯ ಶಿಕ್ಷಣದ ಆವರಣ ಕಟ್ಟುವುದು ಎಷ್ಟು ತಾಳ್ಮೆಯ ಕೆಲಸ ಎಂಬುದಕ್ಕೆ ಇಷ್ಟು ಸಾಕು. ಅಲ್ಲಿ ಆಸ್ಪತ್ರೆ, ತರಗತಿ, ಗ್ರಂಥಾಲಯ, ಹಾಸ್ಟೆಲ್, ಔಷಧಿ ತಯಾರಿಸುವ ವಿಭಾಗ, ಗಿಡಮೂಲಿಕೆಗಳ ತೋಟ ಎಲ್ಲವೂ ಒಂದೇ ಆವರಣದಲ್ಲಿವೆ. ಬೆಳಿಗ್ಗೆ ಪುಸ್ತಕದಲ್ಲಿ ಓದಿದ ಗಿಡವನ್ನು ಸಂಜೆ ತೋಟದಲ್ಲಿ ಮುಟ್ಟಿ ನೋಡಬಹುದು.

ಇಷ್ಟು ದೂರ ಹೋಗುವುದೂ ಬೇಡ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾಯಿತು. ಕಾಫಿ ಗಿಡದ ರೋಗ ಅರಿಯಬೇಕಾದವರು ಪೇಟೆಯಲ್ಲಿ ಕಟ್ಟಡ ಕಟ್ಟಲಿಲ್ಲ, ಗಿಡ ಬೆಳೆಯುವ ಮಲೆನಾಡಿಗೇ ಬಂದು ಕುಳಿತರು. ಗಿಡಕ್ಕೆ ಸಲ್ಲುವ ಮಾತು ಮನುಷ್ಯನಿಗೂ ಸಲ್ಲುತ್ತದೆ. ಹಿರಿಯರಿಗೆ ನಾನು ಹೇಳಿದ ಮೊದಲ ಮಾತೂ ಇದೇ: "ಕಟ್ಟಡಕ್ಕಿಂತ ಮೊದಲು ಯಾವ ಆಸ್ಪತ್ರೆಯ ಜೊತೆ ಕೆಲಸ ಅಂತ ತೀರ್ಮಾನಿಸಿ. ರೋಗಿಯೇ ಇಲ್ಲದ ಕಡೆ ನರ್ಸಿಂಗ್ ಕಲಿಸೋದು ಹೊಳೆ ಇಲ್ಲದ ಕಡೆ ಈಜು ಕಲಿಸಿದ ಹಾಗೆ."

ಆರು ಅಗತ್ಯಗಳು, ಒಂದು ನಕ್ಷೆ

ಯುನಾನಿ ಓದುವವರು ಮೊದಲ ವರ್ಷವೇ ಕಲಿಯುವ ಪಾಠ 'ಅಸ್ಬಾಬೆ ಸಿತ್ತಾ ಝರೂರಿಯಾ'. ಆರೋಗ್ಯ ಉಳಿಯಲು ಪ್ರತಿಯೊಬ್ಬರಿಗೂ ಬೇಕಾದ ಆರು ಸಂಗತಿಗಳು: ಗಾಳಿ, ಆಹಾರ ಮತ್ತು ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿಯುವುದು ಮತ್ತು ಹೊರಹೋಗಬೇಕಾದದ್ದು ಹೋಗುವುದು. ಮನೆ ಕಟ್ಟುವ ಜಾಗದ ಮಣ್ಣು, ಎತ್ತರ, ನೀರು, ಗಾಳಿಯ ದಿಕ್ಕು ಹೇಗಿರಬೇಕು ಎಂಬುದನ್ನು ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ವಿವರಿಸಿದ್ದಾರೆ. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಮನೆಯ ಆರೋಗ್ಯಕ್ಕೆ ಐದು ಸಂಗತಿ ಬೇಕೆಂದು ಬರೆದರು: ಶುದ್ಧ ಗಾಳಿ, ಶುದ್ಧ ನೀರು, ಸರಿಯಾದ ಚರಂಡಿ, ಶುಚಿತ್ವ, ಬೆಳಕು. ಕಾಲ ಬೇರೆ, ದೇಶ ಬೇರೆ, ಮಾತು ಹತ್ತಿರದ್ದು. ಈ ಆರನ್ನು ಹಿಡಿದು ಯಾವ ನಕ್ಷೆಯನ್ನಾದರೂ ಪರೀಕ್ಷಿಸಬಹುದು.

1. ಗಾಳಿ

ತರಗತಿಯಲ್ಲಿ 60 ಜನ ಕುಳಿತು ಕಿಟಕಿ ಮುಚ್ಚಿದರೆ ಅರ್ಧ ಗಂಟೆಯಲ್ಲೇ ಆಕಳಿಕೆ ಶುರುವಾಗುತ್ತದೆ. ಹೊರಗಿನ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ 420 ಭಾಗದ ಆಸುಪಾಸು ಇರುತ್ತದೆ. ಕೋಣೆಯೊಳಗೆ ಅದು 1000 ದಾಟಿದರೆ ಹೊಸ ಗಾಳಿ ಸಾಲುತ್ತಿಲ್ಲ ಎಂದರ್ಥ. ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ. ಕ್ಷಯ, ಫ್ಲೂ, ಕೋವಿಡ್ ಹರಡುವುದು ಹೀಗೆಯೇ. ಸಾಮಾನ್ಯ ಎ.ಸಿ. ಯಂತ್ರ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ.

ಪೆರು ದೇಶದ ಲಿಮಾ ನಗರದ 8 ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕಿಟಕಿ ಬಾಗಿಲು ತೆರೆದಾಗ, ಎತ್ತರದ ಚಾವಣಿ ಮತ್ತು ದೊಡ್ಡ ಕಿಟಕಿಗಳಿದ್ದ ಹಳೆಯ ವಾರ್ಡುಗಳಲ್ಲಿ ಗಂಟೆಗೆ ಸುಮಾರು 40 ಬಾರಿ ಗಾಳಿ ಬದಲಾಗುತ್ತಿತ್ತು. ಹೊಸ ಮಾದರಿಯ ಕೊಠಡಿಗಳಲ್ಲಿ 17 ಬಾರಿ. ಯಂತ್ರದಿಂದ ಗಾಳಿ ಹಾಯಿಸುವ ಕೊಠಡಿಗಳಲ್ಲಿ ಇನ್ನೂ ಕಡಿಮೆ, 12ರ ಆಸುಪಾಸು. ಅಜ್ಜಂದಿರು ಕಟ್ಟಿದ ಎತ್ತರದ ಚಾವಣಿಯನ್ನು ಹಳೆಯ ಕಾಲದ್ದೆಂದು ಬಿಡುವ ಮುನ್ನ ಇದನ್ನು ನೆನೆಯಬೇಕು.

ಹಿರಿಯರ ನಕ್ಷೆಯಲ್ಲಿ ನಡುವೆ ಕಾರಿಡಾರ್, ಎರಡೂ ಕಡೆ ಕೊಠಡಿ ಇತ್ತು. ಹೀಗಿದ್ದರೆ ಪ್ರತಿ ಕೊಠಡಿಗೂ ಒಂದೇ ಬದಿ ಕಿಟಕಿ. ಒಳಬಂದ ಗಾಳಿಗೆ ಹೊರಹೋಗುವ ದಾರಿ ಇರುವುದಿಲ್ಲ. ಒಂದೇ ಸಾಲು ಕೊಠಡಿ, ಒಂದು ಬದಿಗೆ ತೆರೆದ ಜಗಲಿ, ಎದುರುಬದುರು ಕಿಟಕಿ, ಚಾವಣಿಯ ಹತ್ತಿರ ಮಳೆಯಲ್ಲೂ ತೆರೆದಿಡಬಹುದಾದ ಗವಾಕ್ಷಿ ಇದ್ದರೆ ಗಾಳಿ ತಾನಾಗಿ ಹಾಯುತ್ತದೆ.

ಅಂಗರಚನಾ ಶಾಸ್ತ್ರದ ಹಾಲ್ ಇರುವ ಕಾಲೇಜಾದರೆ ಇನ್ನೊಂದು ಎಚ್ಚರ ಬೇಕು. ದೇಹ ಕೆಡದಂತೆ ಬಳಸುವ ಫಾರ್ಮಾಲಿನ್‌ನಿಂದ ಏಳುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಅದು ಗಾಳಿಗಿಂತ ತುಸು ಭಾರ. ಆದ್ದರಿಂದ ಗಾಳಿ ಎಳೆಯುವ ಫ್ಯಾನು ಚಾವಣಿಯಲ್ಲಿ ಮಾತ್ರ ಇದ್ದರೆ ಸಾಲದು, ಮೇಜಿನ ಮಟ್ಟದಲ್ಲೂ ಕೆಳಗೂ ಇರಬೇಕು. ವಿದ್ಯಾರ್ಥಿಗಳ ಕಣ್ಣಲ್ಲಿ ನೀರು ಬರುವುದನ್ನು 'ಅಭ್ಯಾಸವಾಗುತ್ತೆ ಬಿಡಿ' ಎಂದು ತಳ್ಳಿಹಾಕಬಾರದು.

2. ನೀರು ಮತ್ತು ಆಹಾರ

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಬರವಿಲ್ಲ, ಏಪ್ರಿಲ್ ಬಂದರೆ ಬಾವಿಯ ತಳ ಕಾಣುತ್ತದೆ. ಮಾಡಿನ ನೀರನ್ನು ಶೋಧಿಸಿ ತೊಟ್ಟಿಗೆ ಇಳಿಸುವ ವ್ಯವಸ್ಥೆಯನ್ನು ಕಟ್ಟುವಾಗಲೇ ಮಾಡಿಕೊಂಡರೆ ಖರ್ಚು ಕಡಿಮೆ. ಕುಡಿಯುವ ನೀರಿನ ನಲ್ಲಿ ಶೌಚಾಲಯದ ಗೋಡೆಗೆ ಅಂಟಿಕೊಂಡಿರಬಾರದು. ಪೈಪಿನ ಖರ್ಚು ಉಳಿಸಲೆಂದು ಎಷ್ಟೋ ಕಡೆ ಹಾಗೇ ಮಾಡುತ್ತಾರೆ. ಆ ಜಾಗ ಕಂಡವರು ನೀರು ಕುಡಿಯುವುದನ್ನೇ ಬಿಡುತ್ತಾರೆ.

ವುಝೂ ಮಾಡಲು ಕುಳಿತುಕೊಳ್ಳುವ ಕಟ್ಟೆ, ತಗ್ಗಿನ ನಲ್ಲಿ, ಜಾರದ ನೆಲ ಇರಲಿ. ಅದಿಲ್ಲದ ಕಡೆ ಮಕ್ಕಳು ಮುಖ ತೊಳೆಯುವ ಬೇಸಿನ್ನಿಗೆ ಕಾಲೆತ್ತಿ ಇಡುತ್ತಾರೆ. ಬೇಸಿನ್ ಒಡೆಯುತ್ತದೆ, ನೆಲ ಒದ್ದೆಯಾಗಿ ಯಾರಾದರೂ ಜಾರುತ್ತಾರೆ, ಬೇರೆ ಸಮುದಾಯದ ಸಹಪಾಠಿಗಳಿಗೂ ಬೇಸರ. ಒಂದು ಸಣ್ಣ ಕಟ್ಟೆಯಿಂದ ಇವೆಲ್ಲ ತಪ್ಪುತ್ತವೆ. ಸಾಬೂನು ಬೆರೆಯದ ಆ ನೀರನ್ನು ಔಷಧಿ ಗಿಡಗಳ ತೋಟಕ್ಕೆ ಹಾಯಿಸಿದರೆ ಇಸ್ರಾಫ್ ಕೂಡ ಆಗುವುದಿಲ್ಲ.

ಊಟದ ಮನೆಯನ್ನು ಮರೆಯಬೇಡಿ. ಮನೆಯಿಂದ ತಂದ ಬುತ್ತಿ ಬಿಚ್ಚಲು ಜಾಗವಿಲ್ಲದ ಕಡೆ ಮಕ್ಕಳ ಮಧ್ಯಾಹ್ನದ ಊಟ ಚಹಾ ಮತ್ತು ಬನ್ನು. ರಕ್ತಹೀನತೆಯ ಪಾಠ ಕೇಳುವ ಹುಡುಗಿಗೇ ರಕ್ತಹೀನತೆ!

3. ದೇಹದ ಚಲನೆ

ಕಟ್ಟಡದೊಳಗೆ ಯಾರು ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ ಎಂಬುದರ ಮೇಲೆ ಜೀವ ಉಳಿಯುವುದೂ ಹೋಗುವುದೂ ನಿಂತಿರಬಹುದು. 1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಕಾರಣ ಕಂಡುಹಿಡಿದವರು ಇಗ್ನಾಝ್ ಸೆಮ್ಮೆಲ್‌ವೈಸ್. ವಿದ್ಯಾರ್ಥಿಗಳು ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಬರಬೇಕೆಂದು ಅವರು ನಿಯಮ ಮಾಡಿದರು. ಏಪ್ರಿಲ್‌ನಲ್ಲಿ 100ಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು.

ಆದ್ದರಿಂದ ಲ್ಯಾಬಿನಿಂದ ಹೊರಬರುವ ಬಾಗಿಲಲ್ಲಿ, ವಾರ್ಡಿನ ಒಳಹೋಗುವ ಬಾಗಿಲಲ್ಲಿ, ಊಟದ ಮನೆಯ ಮುಂದೆ ಕೈ ತೊಳೆಯುವ ನಲ್ಲಿ ಇರಲೇಬೇಕು. ಹುಡುಕಿಕೊಂಡು ಹೋಗಬೇಕಾದ ನಲ್ಲಿಯನ್ನು ಯಾರೂ ಬಳಸುವುದಿಲ್ಲ. ದಿನಕ್ಕೆ ಐದು ಹೊತ್ತು ಕೈಕಾಲು ತೊಳೆಯುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೂ ನಕ್ಷೆಯಲ್ಲಿ ಮರೆತುಬಿಡುತ್ತೇವೆ.

ಇನ್ನು ಮೆಟ್ಟಿಲು. ಗಾಲಿಕುರ್ಚಿ ತಳ್ಳುವುದನ್ನು ಕಲಿಸುವ ಕಟ್ಟಡಕ್ಕೆ ಗಾಲಿಕುರ್ಚಿಯೇ ಏರದಿದ್ದರೆ ಹೇಗೆ? ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಗುಡ್ಡದ ಊರಿನಲ್ಲಿ ಇದಕ್ಕೆ ಜಾಗ ಬೇಕಾಗುತ್ತದೆ, ಮೊದಲೇ ಬಿಟ್ಟಿರಬೇಕು.

4. ಮನಸ್ಸಿನ ನೆಮ್ಮದಿ

ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಸರಳ. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ರೋಗಿಗಳು. ಅರ್ಧದಷ್ಟು ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋದರು, ಬಲವಾದ ನೋವಿನ ಮಾತ್ರೆಗಳನ್ನೂ ಕಡಿಮೆ ತೆಗೆದುಕೊಂಡರು. ನಮ್ಮೂರಿನಲ್ಲಿ ಕಿಟಕಿ ತೆಗೆದರೆ ಕಾಫಿ ತೋಟ, ಅದರಾಚೆ ಕಾಡು. ಕೋಟಿ ಕೊಟ್ಟರೂ ಸಿಗದ ಆ ನೋಟವನ್ನು ಬಣ್ಣದ ಗಾಜಿನಿಂದ ಮುಚ್ಚಬೇಕೆ?

ಮೊದಲ ಸಲ ಸಾವನ್ನು ಕಂಡ ಹತ್ತೊಂಬತ್ತು ವರ್ಷದ ಮಗುವಿಗೆ ಒಂದು ಮೂಲೆಯಲ್ಲಿ ಕುಳಿತು ಅಳಲು ಜಾಗ ಬೇಕು. ನಮಾಝ್‌ಗೆ ಶಾಂತವಾದ ಕೋಣೆ, ಎಲ್ಲ ಧರ್ಮದವರೂ ಸುಮ್ಮನೆ ಕೂರಬಹುದಾದ ಅಂಗಳ ಇರಲಿ. ರೋಗಿಯನ್ನು ಪರೀಕ್ಷಿಸುವುದನ್ನು ಕಲಿಸುವ ಕೋಣೆಯಲ್ಲಿ ಪ್ರತಿ ಮಂಚಕ್ಕೂ ಪರದೆ ಇರಲಿ. ರೋಗಿಯ ಮಾನ ಕಾಯುವುದನ್ನು ಮಕ್ಕಳು ಕಣ್ಣಿಂದಲೇ ಕಲಿಯುತ್ತಾರೆ.

5. ನಿದ್ದೆ ಮತ್ತು ಎಚ್ಚರ

ಬಿ.ಯು.ಎಂ.ಎಸ್. ಓದಲು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಬೇಕು. ಅಷ್ಟು ಕಾಲ ಮಗು ಮಲಗುವುದು ಹಾಸ್ಟೆಲಿನಲ್ಲಿ. ತರಗತಿಯನ್ನು ನೋಡಿ ಸೇರಿಸುವ ಪೋಷಕರು ಮಲಗುವ ಕೋಣೆಯನ್ನು ನೋಡುವುದಿಲ್ಲ.

ಮಲೆನಾಡಿನ ಹಾಸ್ಟೆಲಿನ ದೊಡ್ಡ ಶತ್ರು ತೇವ. ಮಂಚದ ತಲೆಭಾಗದ ಗೋಡೆಗೆ ಬೂಷ್ಟು ಹಿಡಿದಿದ್ದರೆ ಉಬ್ಬಸ ಇರುವ ಮಗುವಿಗೆ ರಾತ್ರಿ ಕೆಮ್ಮು ನಿಲ್ಲುವುದಿಲ್ಲ. ಆಷಾಢದಲ್ಲಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಮನೆಯಲ್ಲಾದರೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟುತ್ತೇವೆ. ಹಾಸ್ಟೆಲಿನ ಮಕ್ಕಳು ಒದ್ದೆ ಒಳಉಡುಪನ್ನೇ ಹಾಕಿಕೊಳ್ಳುತ್ತಾರೆ. ರಜೆಗೆ ಊರಿಗೆ ಬಂದಾಗ ತೊಡೆ ಸಂದಿಯಲ್ಲಿ ಗಜಕರ್ಣ ಹಿಡಿದುಕೊಂಡು, ನಾಚಿಕೆಯಿಂದ ತಾಯಿಯ ಹಿಂದೆ ನಿಂತು ನನ್ನ ಕ್ಲಿನಿಕ್ಕಿಗೆ ಬರುತ್ತಾರೆ. ಮುಲಾಮು ಕೊಡುತ್ತೇನೆ, ವಾಸಿಯಾಗುತ್ತದೆ. ಮತ್ತೆ ಅದೇ ಹಾಸ್ಟೆಲಿಗೆ ಹೋಗುತ್ತಾರೆ, ಮತ್ತೆ ಬರುತ್ತದೆ. ಪ್ರತಿ ಮಹಡಿಗೂ ಬಿಸಿಗಾಳಿ ಆಡುವ ಬಟ್ಟೆ ಒಣಗಿಸುವ ಕೋಣೆಯೊಂದು ಇದ್ದರೆ ಈ ಔಷಧಿಯ ಅಗತ್ಯವೇ ಬಾರದು.

6. ಹೊರಹೋಗಬೇಕಾದದ್ದು

ಇದನ್ನು ಕೊನೆಯಲ್ಲಿ ಬರೆದಿದ್ದೇನೆ, ಆದರೆ ನಕ್ಷೆಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ನಾನು ಓದುತ್ತಿದ್ದ ಕಾಲದಲ್ಲಿ ನಾವು ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯುತ್ತಿರಲಿಲ್ಲ. ಇದ್ದ ಒಂದು ಶೌಚಾಲಯಕ್ಕೆ ಚಿಲಕವಿರಲಿಲ್ಲ, ಎಷ್ಟೋ ದಿನ ನೀರೂ ಇರುತ್ತಿರಲಿಲ್ಲ. ಬೆಳಿಗ್ಗೆ 'ಇಹ್ತಿಬಾಸ್' ಅಂದರೆ ತಡೆದಿಟ್ಟುಕೊಳ್ಳುವುದರಿಂದ ಬರುವ ರೋಗಗಳ ಪಾಠ ಬರೆದುಕೊಂಡು, ಮಧ್ಯಾಹ್ನ ಅದನ್ನೇ ಅನುಭವಿಸುತ್ತಿದ್ದೆವು. ನನ್ನ ಜೊತೆಗಿದ್ದ ಗೆಳತಿಯೊಬ್ಬಳಿಗೆ ಪದೇ ಪದೇ ಮೂತ್ರದ ಸೋಂಕು ಬಂದು ಜ್ವರದಲ್ಲೇ ಪರೀಕ್ಷೆ ಬರೆದಳು. ಇಂದಿಗೂ ನನ್ನ ಬಳಿ ಬರುವ ಕಾಲೇಜು ಹುಡುಗಿಯರಲ್ಲಿ ಉರಿಮೂತ್ರದ ದೂರು ಹೇಳುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ: "ಕಾಲೇಜಲ್ಲಿ ಬಾತ್‌ರೂಮಿಗೆ ಹೋಗ್ತೀಯಾ ಮಗಳೇ?" ತಲೆ ತಗ್ಗಿಸುತ್ತಾರೆ. ಉತ್ತರ ಅಲ್ಲೇ ಇದೆ.

25 ಹುಡುಗಿಯರಿಗೆ ಒಂದು ಎಂದು ಲೆಕ್ಕ ಹಾಕಿದರೂ 200 ಮಂದಿಗೆ 8 ಶೌಚಾಲಯ ಬೇಕು. ಪ್ರತಿ ಮಹಡಿಯಲ್ಲೂ ಇರಬೇಕು. ಒಳಗೆ ಇಸ್ತಿಂಜಾಗೆ ನೀರು, ಬಟ್ಟೆ ಅಥವಾ ಬುರ್ಖಾ ತೂಗುಹಾಕಲು ಕೊಕ್ಕೆ, ಗಟ್ಟಿ ಚಿಲಕ, ಬೆಳಕು, ಪ್ಯಾಡ್ ಹಾಕಲು ಮುಚ್ಚಳದ ಡಬ್ಬ ಇರಬೇಕು. ಇವು ಐಷಾರಾಮವಲ್ಲ. ನಮ್ಮ ದೀನ್ ಶುಚಿತ್ವವನ್ನು ಈಮಾನ್‌ನೊಂದಿಗೆ ಜೋಡಿಸಿದೆ. ಶುಚಿಯಾಗಲು ಜಾಗವನ್ನೇ ಕೊಡದೆ ಶುಚಿತ್ವದ ಬಗ್ಗೆ ಭಾಷಣ ಮಾಡುವುದು ಸರಿಯೇ?

ಕಟ್ಟಡದ ತ್ಯಾಜ್ಯಕ್ಕೂ ಇದೇ ಮಾತು. ಸೂಜಿ, ರಕ್ತದ ಹತ್ತಿ, ಲ್ಯಾಬಿನ ಗಾಜುಗಳನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರ್ಪಡಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಅವನ್ನು ಇಡಲು ಬೀಗವಿರುವ ಕೋಣೆ, ಗಾಡಿ ಬರುವ ಪ್ರತ್ಯೇಕ ದಾರಿ ನಕ್ಷೆಯಲ್ಲೇ ಇರಬೇಕು. ಇಲ್ಲದಿದ್ದರೆ ಅವೆಲ್ಲ ಹಿತ್ತಲಿನ ಗುಂಡಿಗೆ ಬೀಳುತ್ತವೆ. ಮಳೆ ಬಂದಾಗ ಗುಂಡಿಯ ನೀರು ಹಳ್ಳಕ್ಕೆ, ಹಳ್ಳದಿಂದ ಭದ್ರೆಗೆ.

ಮಳೆಯ ಊರಿಗೆ ಮಳೆಯ ಕಟ್ಟಡ

ಬೆಂಗಳೂರಿನ ನಕ್ಷೆಯನ್ನು ತಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಇಳಿಸಿದರೆ ಕಟ್ಟಡ ಸೋರುತ್ತದೆ. ನಮ್ಮಲ್ಲಿ ತಾರಸಿ ಹಾಕಿದ ನಾಲ್ಕೇ ವರ್ಷಕ್ಕೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುವುದನ್ನು ಎಲ್ಲರೂ ಕಂಡಿದ್ದೇವೆ. ಎರಡು ಸಲ ಖರ್ಚು. ಮೊದಲೇ ಇಳಿಜಾರು ಮಾಡು, ಉದ್ದ ಚಾಚಿದ ಸೂರು ಇಟ್ಟರೆ ಮಳೆಯಲ್ಲೂ ಕಿಟಕಿ ತೆರೆದಿಡಬಹುದು. ಮಳೆಗಾಳಿ ಬೀಸುವ ಪಡುವಣ ಬದಿಗೆ ಜಗಲಿ ಇರಲಿ. ಹಿಂದೆ ಜಗಲಿಯ ಸುತ್ತ ಸೋಗೆ ತಟ್ಟಿ ಕಟ್ಟುತ್ತಿದ್ದವರಿಗೆ ಈ ಲೆಕ್ಕ ಗೊತ್ತಿತ್ತು.

ಗುಡ್ಡವನ್ನು ನೇರವಾಗಿ ಕಡಿದು ಮೈದಾನ ಮಾಡಬೇಡಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದದ್ದು ನಮಗೆಲ್ಲ ನೆನಪಿದೆ. ಧರೆಯ ಬುಡಕ್ಕೆ ಹಾಸ್ಟೆಲ್ ಕಟ್ಟುವುದೆಂದರೆ ಮಲಗಿದ ಮಕ್ಕಳ ತಲೆಯ ಮೇಲೆ ಮಣ್ಣು ನಿಲ್ಲಿಸಿದಂತೆ. ಇಳಿಜಾರಿಗೆ ತಕ್ಕಂತೆ ಎರಡು ಮೂರು ಹಂತಗಳಲ್ಲಿ ಸಣ್ಣ ಕಟ್ಟಡಗಳನ್ನು ಕಟ್ಟಬಹುದು. ಕಾಡಿನ ಅಂಚಾದರೆ ಮಂಗನ ಕಾಯಿಲೆಯ ಉಣ್ಣೆಯೂ ಇರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ನಮ್ಮ ತಾಲ್ಲೂಕುಗಳಿಗೆ ಹೊಸದಲ್ಲ. ಹಾಸ್ಟೆಲಿನ ದಾರಿಯನ್ನು ದರಗೆಲೆ ಇಲ್ಲದಂತೆ ಗುಡಿಸಿಡಲು ಅನುಕೂಲವಾಗುವ ಹಾಗೆ ಮಾಡಬೇಕು.

ಪೋಷಕರು ಕಾಲೇಜು ನೋಡಲು ಹೋದಾಗ

ಸೀಟು ಸಿಕ್ಕಿತೆಂದ ಕೂಡಲೇ ಶುಲ್ಕ ಕಟ್ಟಿ ಬರಬೇಡಿ. ಮಗುವಿನ ಜೊತೆ ಒಂದು ಗಂಟೆ ಒಳಗೆ ಓಡಾಡಿ.

ಹೆಣ್ಣುಮಕ್ಕಳ ಶೌಚಾಲಯಕ್ಕೆ ತಾಯಿ ಸ್ವತಃ ಹೋಗಿ ಬರಲಿ. ಮಧ್ಯಾಹ್ನ ಮೂರರ ಮೇಲೆ ಹೋದರೆ ನಿಜ ತಿಳಿಯುತ್ತದೆ.

ಕೊನೆಯ ಪಿರಿಯಡ್ಡಿನ ಹೊತ್ತಿಗೆ ತರಗತಿಯ ಬಾಗಿಲಲ್ಲಿ ನಿಂತು ಉಸಿರೆಳೆಯಿರಿ. ಮುಗ್ಗಲು ವಾಸನೆ ಬಂದರೆ ಗಾಳಿ ಇಲ್ಲ.

ಲ್ಯಾಬಿನ ಬಾಗಿಲಲ್ಲಿ ನಲ್ಲಿ ಇದೆಯೇ, ಅದರಲ್ಲಿ ನೀರು ಬರುತ್ತದೆಯೇ, ಸಾಬೂನಿದೆಯೇ ನೋಡಿ.

ಹಾಸ್ಟೆಲಿನ ಮಂಚದ ಹಿಂದಿನ ಗೋಡೆ ಮುಟ್ಟಿ. ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದು ಅಲ್ಲಿನ ಮಕ್ಕಳನ್ನೇ ಕೇಳಿ.

ಬೆಂಕಿ ಬಿದ್ದರೆ ಹೊರಬರಲು ಎರಡನೇ ಮೆಟ್ಟಿಲು ಇದೆಯೇ, ಅದರ ಬಾಗಿಲಿಗೆ ಬೀಗ ಹಾಕಿದ್ದಾರೆಯೇ ನೋಡಿ.

ಕೊನೆಯದಾಗಿ ಆಸ್ಪತ್ರೆಗೆ ಹೋಗಿ. ಹೊರರೋಗಿಗಳ ಸಾಲು ಇದ್ದರೆ ಮಗುವಿಗೆ ಕಲಿಕೆ ಸಿಗುತ್ತದೆ. ಖಾಲಿ ಹಾಸಿಗೆಗಳಿಂದ ಯಾರೂ ಏನನ್ನೂ ಕಲಿಯಲಾರರು.

ಗುಮ್ಮಟದ ಲೆಕ್ಕ

ತಿಂಗಳ ನಂತರ ಹಿರಿಯರು ಮತ್ತೆ ಬಂದರು. ನಕ್ಷೆ ಬದಲಾಗಿತ್ತು. ನೀಲಿ ಗಾಜು ಹೋಗಿ ಜಗಲಿ ಬಂದಿತ್ತು. ಪ್ರತಿ ಮಹಡಿಯಲ್ಲೂ ಶೌಚಾಲಯ, ಲ್ಯಾಬಿನ ಹೊರಗೆ ನಲ್ಲಿಗಳ ಸಾಲು. ಗುಮ್ಮಟ ಮಾತ್ರ ಒಂದು ಉಳಿದಿತ್ತು.

"ದುಡ್ಡು ಕೊಡುವವರು ಅದನ್ನು ಬಿಡೋಕೆ ಒಪ್ತಾ ಇಲ್ಲ ಡಾಕ್ಟರಮ್ಮ. ಕಾಣೋದಕ್ಕೆ ಏನಾದರೂ ಬೇಕಲ್ಲ ಅಂತಾರೆ. ಶೌಚಾಲಯಕ್ಕೆ ಅಂದರೆ ಯಾರೂ ಹೆಸರು ಬರೆಸೋದಿಲ್ಲ," ಎಂದು ಹಾಜಿಯವರು ನಕ್ಕರು.

"ಗುಮ್ಮಟ ಇರಲಿ, ಅದರ ಕುತ್ತಿಗೆಗೆ ಸುತ್ತಲೂ ಗವಾಕ್ಷಿ ಇಡಿಸಿ. ಬಿಸಿಗಾಳಿ ಮೇಲೆ ಹೋಗಲಿ," ಎಂದೆ.

ಆಸ್ಪತ್ರೆಯ ಜೊತೆ ಮಾತುಕತೆ ಇನ್ನೂ ಮುಗಿದಿಲ್ಲ. ಅದು ಕುದುರದಿದ್ದರೆ ಕಟ್ಟಡ ಬೇಡ, ಮೊದಲು ಒಂದು ಸಣ್ಣ ಹೊರರೋಗಿ ಕೇಂದ್ರ ತೆರೆಯೋಣ ಎಂದು ಅವರಲ್ಲೇ ಇಬ್ಬರು ಹೇಳುತ್ತಿದ್ದಾರೆ. ನನಗೂ ಅದೇ ಸರಿ ಅನಿಸಿದೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮೂರಿನಲ್ಲಿ ಶಾಲೆಯೋ ಕಾಲೇಜೋ ಆಸ್ಪತ್ರೆಯೋ ಎದ್ದಾಗ, ತೀರಿಕೊಂಡ ತಂದೆತಾಯಿಯ ಹೆಸರಿನಲ್ಲಿ ಸದಕಾ ಮಾಡುವಾಗ, ಯಾರೂ ಮುಂದೆ ಬಾರದ ಕೆಲಸವನ್ನು ಕೇಳಿ ಪಡೆಯಿರಿ. ಒಂದು ನಲ್ಲಿ, ಒಂದು ಗವಾಕ್ಷಿ, ಚಿಲಕವಿರುವ ಒಂದು ಬಾಗಿಲು. ಅದನ್ನು ಬಳಸಿದ ಮಗಳೊಬ್ಬಳು ಮುಂದೆ ನರ್ಸ್ ಆಗಿ ನೂರು ರೋಗಿಗಳ ಕೈ ಹಿಡಿದಾಗ, ಇನ್‌ಶಾ ಅಲ್ಲಾಹ್, ಅದರ ಪುಣ್ಯದಲ್ಲಿ ನಿಮ್ಮ ಪಾಲೂ ಇರುತ್ತದೆ.